ಉಸಿರಾಟದ ಟ್ಯೂಬ್ ತೆಗೆಯುವ ಮುಂಚೆ ಅಲ್ಟ್ರಾಸೌಂಡ್ ಪ್ರೋಬ್ ಎಲ್ಲೆಲ್ಲಿ ಇಡಬೇಕು?

ಡಾಕ್ಟ್ರೇ, 9 ದಿನ ವೆಂಟಿಲೇಟರ್‌ನಲ್ಲಿದ್ದ ನಿಮ್ಮ ರೋಗಿ ಎಸ್‌ಬಿಟಿ (ರೋಗಿ ಸ್ವಂತವಾಗಿ ಉಸಿರಾಡಬಲ್ಲರೇ ಅಂತ ನೋಡುವ ಪರೀಕ್ಷೆ) ಪಾಸಾದರು, ಬೆಳಿಗ್ಗೆ ಟ್ಯೂಬ್ ತೆಗೆದಿರಿ, ರಾತ್ರಿ ಮತ್ತೆ ಹಾಕಬೇಕಾಯಿತು. ಅಲ್ಟ್ರಾಸೌಂಡ್‌ನಲ್ಲಿ ಮೊದಲೇ ಗೊತ್ತಾಗುತ್ತಿತ್ತಾ ಅಂತ ಕೇಳಿದ್ದೀರಿ. ಒಮ್ಮೊಮ್ಮೆ ಗೊತ್ತಾಗುತ್ತದೆ. ಆದರೆ ಟ್ಯೂಬ್ ತೆಗೆಯಬೇಕೋ ಬೇಡವೋ ಅನ್ನುವುದಕ್ಕಿಂತ, ರೋಗಿ ಯಾಕೆ ಸೋತರು ಅನ್ನುವುದನ್ನು ಅದು ಚೆನ್ನಾಗಿ ಹೇಳುತ್ತದೆ.

ಮೊದಲು ವಪೆ, ಅಂದರೆ ಎದೆ-ಹೊಟ್ಟೆ ನಡುವಿನ ಉಸಿರಾಟದ ಸ್ನಾಯು (ಡಯಾಫ್ರಂ). ಬಲಗಡೆ ಪಕ್ಕೆಲುಬಿನ ಕೆಳಗೆ ಕರ್ವ್ ಪ್ರೋಬ್ ಇಟ್ಟು, ಲಿವರ್ ಮೂಲಕ ಎಂ-ಮೋಡ್‌ನಲ್ಲಿ (ಚಲನೆಯನ್ನು ಗೆರೆಯಾಗಿ ತೋರಿಸುವ ಮೋಡ್) ನೋಡಿ. ಉಸಿರೆಳೆದಾಗ ವಪೆ 1 ಸೆಂ.ಮೀ. ಕೂಡ ಇಳಿಯದಿದ್ದರೆ ಅನುಮಾನ ಪಡಿ. ಪ್ರೆಷರ್ ಸಪೋರ್ಟ್ (ಪ್ರತಿ ಉಸಿರಿಗೂ ವೆಂಟಿಲೇಟರ್ ಕೊಡುವ ಒತ್ತಾಸೆ) ಇರುವಾಗ ಇದನ್ನು ಅಳೆಯಬೇಡಿ. ಮಷೀನ್ ಗಾಳಿ ತಳ್ಳಿದರೂ ವಪೆ ಇಳಿಯುತ್ತದೆ, ಶಹಬ್ಬಾಸ್ ಮಾತ್ರ ರೋಗಿಗೆ! ಟಿ-ಪೀಸ್‌ಗೆ (ಮಷೀನ್ ನೆರವಿಲ್ಲದೆ ಟ್ಯೂಬ್ ಮೂಲಕವೇ ಉಸಿರಾಡಿಸುವ ಜೋಡಣೆ) ಹಾಕಿ ಅಳೆಯಿರಿ.

ವಪೆಯ ದಪ್ಪ ನೋಡಲು ಲೀನಿಯರ್ ಪ್ರೋಬ್ ಬೇಕು, ಕಂಕುಳ ಕೆಳಗೆ 8ರಿಂದ 10ನೇ ಪಕ್ಕೆಲುಬಿನ ಸಂದಿಯಲ್ಲಿ. ಎರಡು ಬಿಳಿ ಗೆರೆ, ನಡುವೆ ಕಪ್ಪು ಪಟ್ಟಿ ಕಾಣುತ್ತದೆ. ಉಸಿರು ಬಿಟ್ಟಾಗ 2 ಮಿ.ಮೀ., ಎಳೆದಾಗ 2.3 ಇದ್ದರೆ 15% ದಪ್ಪವಾಯಿತು ಅಂತ. 30% ಆಸುಪಾಸು ಇದ್ದರೆ ಸಮಾಧಾನ. ಆದರೆ ಕ್ಯಾಲಿಪರ್ 0.2 ಮಿ.ಮೀ. ಜಾರಿದರೂ ಆ 15%, 25% ಆಗಿಬಿಡುತ್ತದೆ. ಹಾಗಾಗಿ ಮೂರು ಉಸಿರು ಅಳೆದು ಸರಾಸರಿ ತೆಗೆಯಿರಿ.

ನಾನು ಎಡವಿದ್ದು ಇಲ್ಲಲ್ಲ, ಶ್ವಾಸಕೋಶದಲ್ಲಿ. ಒಬ್ಬ ಅಜ್ಜನಿಗೆ ವಪೆ 1.8 ಸೆಂ.ಮೀ. ಇಳಿಯುತ್ತಿತ್ತು. ಅದೊಂದನ್ನೇ ನೋಡಿ ಖುಷಿಯಿಂದ ಟ್ಯೂಬ್ ತೆಗೆದೆ. ಸಂಜೆ ಹೊತ್ತಿಗೆ ಎದೆಯೆಲ್ಲ ಗೊರಗೊರ. ವೆಂಟಿಲೇಟರ್ ಒತ್ತಡ ಹೋದ ತಕ್ಷಣ ಹೃದಯಕ್ಕೆ ವಾಪಸ್ ಬರುವ ರಕ್ತ ಜಾಸ್ತಿಯಾಗುತ್ತದೆ, ಎಡಭಾಗಕ್ಕೆ ಭಾರವೂ ಏರುತ್ತದೆ. ಹೃದಯ ಬಳಲಿದ್ದರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಈಗ ಎಸ್‌ಬಿಟಿಗೆ ಮೊದಲು ಒಮ್ಮೆ, ಮುಗಿಯುವಾಗ ಒಮ್ಮೆ ಅದೇ ಜಾಗಗಳಲ್ಲಿ ನೋಡುತ್ತೇನೆ. ಹೊಸ ಬಿ-ಲೈನ್ (ಶ್ವಾಸಕೋಶದಲ್ಲಿ ನೀರಿದ್ದಾಗ ಕಾಣುವ ಉದ್ದನೆಯ ಬಿಳಿ ಗೆರೆ) ಬಂದಿದ್ದರೆ ಟ್ಯೂಬ್‌ಗೆ ಕೈ ಹಚ್ಚುವುದಿಲ್ಲ. ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿ, ಮೈಯಲ್ಲಿನ ಹೆಚ್ಚುವರಿ ನೀರು ಹೊರಹಾಕಿಸಿ, ಮರುದಿನ ಮತ್ತೆ ಪ್ರಯತ್ನ. ಲೆಕ್ಕ ಬೇಕಿದ್ದರೆ ಎದೆಯ ಮೇಲೆ 12 ಜಾಗ, ಒಂದೊಂದಕ್ಕೆ 0ರಿಂದ 3 ಅಂಕ, ಗಾಳಿ ಕಡಿಮೆಯಿದ್ದಷ್ಟೂ ಅಂಕ ಜಾಸ್ತಿ. ಎಸ್‌ಬಿಟಿ ಕೊನೆಗೆ 13ರೊಳಗಿದ್ದರೆ ನಿರಾಳ, 17 ದಾಟಿದರೆ ತೊಂದರೆ ಬರುವ ಸಾಧ್ಯತೆ ಜಾಸ್ತಿ.

ಇನ್ನು ಕೆಮ್ಮುವ ಶಕ್ತಿ, ಕಫ, ಎಚ್ಚರ. ಇವಕ್ಕೆ ಪ್ರೋಬ್ ಬೇಡ, ಹಾಸಿಗೆ ಪಕ್ಕ ನಿಂತು ಕೆಮ್ಮಿಸಿ ನೋಡಿದರೆ ಸಾಕು, ಅಲ್ವಾ?

ನಿಮ್ಮ ರೋಗಿಯ ಮುಂದಿನ ಎಸ್‌ಬಿಟಿಯಲ್ಲಿ ಮೊದಲಿನ, ಕೊನೆಯ ಎರಡೂ ಕ್ಲಿಪ್ ಸೇವ್ ಮಾಡಿ. ಹೆಸರು ಅಳಿಸಿ ಇಲ್ಲಿ ಹಾಕಿ, ನೋಡೋಣ.