ಮಿನ್ನೆಸೋಟದ ಚಳಿಗಾಲದಲ್ಲಿ ಅಂಗಳದಲ್ಲಿ ನಿಲ್ಲಿಸಿದ ದೋಣಿಗೆ ಎಂತಹ ಹೊದಿಕೆ ಹಾಕಬೇಕು?

ಮಿನಿಯಾಪೊಲಿಸ್ ಸಮೀಪ 18 ಅಡಿಯ ಹಳೆಯ ಫೈಬರ್ ಗ್ಲಾಸ್ ದೋಣಿಯೊಂದನ್ನು ಕೊಂಡಿದ್ದೀರಿ, ಗ್ಯಾರೇಜಿನಲ್ಲಿ ಜಾಗವಿಲ್ಲದ ಕಾರಣ ಅದು ಟ್ರೈಲರ್ ಮೇಲೆಯೇ ಮನೆಯ ಪಕ್ಕದಲ್ಲಿ ಚಳಿಗಾಲ ಕಳೆಯಬೇಕಾಗಿದೆ. ಅಂಗಡಿಯಲ್ಲಿ ಸಿಗುವ ನೀಲಿ ಟಾರ್ಪಾಲು ಸಾಕೇ, ಅಳತೆಗೆ ಹೊಲಿಸಿದ ಕ್ಯಾನ್ವಾಸ್ ಕವರ್ ಬೇಕೇ, ಇಲ್ಲವೇ ಹಣ ಕೊಟ್ಟು, ಬಿಸಿಗೆ ಕುಗ್ಗಿಸಿ ಬಿಗಿಮಾಡುವ ಪ್ಲಾಸ್ಟಿಕ್ ಹಾಳೆಯ ಶ್ರಿಂಕ್ ರ‍್ಯಾಪ್ ಮಾಡಿಸಬೇಕೇ ಎಂಬುದು ನಿಮ್ಮ ಪ್ರಶ್ನೆ. ಇದೇ ಊರಿನ ಆಸುಪಾಸಿನಲ್ಲಿ ಹೆಚ್ಚುಕಡಿಮೆ ಇಂಥದೇ ದೋಣಿಯನ್ನು ಹಲವು ಚಳಿಗಾಲ ಅಂಗಳದಲ್ಲೇ ನಿಲ್ಲಿಸಿಕೊಂಡವನಾಗಿ ನಾನು ಹೇಳುವುದಿಷ್ಟು: ಮೂರರಲ್ಲಿ ಯಾವುದನ್ನು ಆರಿಸಿದರೂ ದೋಣಿ ಉಳಿಯಬಹುದು, ಯಾವುದನ್ನು ಆರಿಸಿದರೂ ಕೆಡಬಹುದು. ಹೊದಿಕೆಯ ಕೆಳಗೆ ಎಂತಹ ಚೌಕಟ್ಟು ನಿಂತಿದೆ, ಅದರೊಳಗೆ ಗಾಳಿ ಹೇಗೆ ಆಡುತ್ತದೆ ಎಂಬ ಎರಡು ಸಂಗತಿಗಳೇ ಇಲ್ಲಿ ಮುಖ್ಯ. ಬಟ್ಟೆಯ ಬೆಲೆ ಆಮೇಲಿನ ಮಾತು.

ಇದನ್ನು ನಾನು ಕಲಿತದ್ದು ಮೊದಲ ವರ್ಷದ ಪೆಟ್ಟಿನಿಂದ. ಅಕ್ಟೋಬರ್ ಕೊನೆಯಲ್ಲಿ ದೋಣಿಯನ್ನು ಕೆರೆಯಿಂದ ಮೇಲೆಳೆದು ತಂದು, ವಿಂಡ್‌ಶೀಲ್ಡಿನಿಂದ ಹಿಂಬದಿಯ ಎಂಜಿನ್ನಿನವರೆಗೆ ಒಂದು ಟಾರ್ಪಾಲನ್ನು ಬಿಗಿಯಾಗಿ ಹೊದಿಸಿ, ನೈಲಾನ್ ಹಗ್ಗದಿಂದ ಸುತ್ತಲೂ ಕಟ್ಟಿ, ಕೈತೊಳೆದುಕೊಂಡೆ. ಎಷ್ಟು ಬಿಗಿದರೂ ಆ ಎರಡು ಎತ್ತರಗಳ ನಡುವೆ ಟಾರ್ಪಾಲು ತೊಟ್ಟಿಲಿನಂತೆ ತಗ್ಗುತ್ತದೆ ಎಂಬುದು ಆಗ ಹೊಳೆಯಲಿಲ್ಲ. ನವೆಂಬರಿನ ಮಳೆ ಆ ತಗ್ಗಿನಲ್ಲಿ ನಿಂತು ಹೆಪ್ಪುಗಟ್ಟಿತು, ಅದರ ಮೇಲೆ ಹಿಮ ಬಿತ್ತು, ನಡುನಡುವೆ ಬಿಸಿಲು ಬಂದಾಗ ಹಿಮ ಕರಗಿ ಮತ್ತೆ ಗಡ್ಡೆಯಾಯಿತು. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಹತ್ತೇ ಸೆಂಟಿಮೀಟರ್ ಆಳದ ತಗ್ಗಿನಲ್ಲಿ ನಿಲ್ಲುವ ನೀರಿನ ತೂಕ 100 ಕಿಲೋ. ಮಾರ್ಚಿನ ಒಂದು ಬೆಳಿಗ್ಗೆ ನೋಡುವಾಗ ಟಾರ್ಪಾಲು ಹರಿದು, ಮಂಜುಗಡ್ಡೆಯ ಹಲಗೆಯೊಂದು ಸೀಟುಗಳ ನಡುವೆ ಕುಳಿತಿತ್ತು. ವಿಂಡ್‌ಶೀಲ್ಡಿನ ಅಲ್ಯುಮಿನಿಯಂ ಅಂಚು ಒಳಕ್ಕೆ ಬಾಗಿತ್ತು. ಸಾಲದ್ದಕ್ಕೆ, ಇಲಿ ನುಗ್ಗೀತೆಂದು ನಾನೇ ದೋಣಿಯ ತಳದ ಡ್ರೈನ್ ಪ್ಲಗ್ಗನ್ನು ಮತ್ತೆ ಹಾಕಿಟ್ಟಿದ್ದೆ. ಮಿನ್ನೆಸೋಟದಲ್ಲಿ ಕೆರೆಯ ದಡದಿಂದ ಹೊರಡುವ ಮುನ್ನ ಪ್ಲಗ್ ತೆಗೆದು ನೀರು ಬಸಿಯುವುದು ಕಾನೂನಿನ ಪ್ರಕಾರ ಕಡ್ಡಾಯ. ಜೀಬ್ರಾ ಮಸಲ್ ಎಂಬ ಪರದೇಶದ ಚಿಪ್ಪುಜೀವಿ ಒಂದು ಕೆರೆಯಿಂದ ಇನ್ನೊಂದಕ್ಕೆ ಹರಡಬಾರದೆಂದು ಈ ನಿಯಮ. ಹಾಗೆ ತೆಗೆದ ಪ್ಲಗ್ಗನ್ನು ಚಳಿಗಾಲ ಮುಗಿಯುವವರೆಗೂ ಹಾಕಬೇಡಿ. ತೂತಿಗೆ ಸಣ್ಣ ಕಣ್ಣಿನ ತಂತಿಬಲೆಯನ್ನು ತುರುಕಿದರೆ ಇಲಿಯೂ ಬರುವುದಿಲ್ಲ. ಟ್ರೈಲರಿನ ಮುಂಭಾಗವನ್ನು ಒಂದಿಷ್ಟು ಎತ್ತಿ ನಿಲ್ಲಿಸಿದರೆ ಒಳಗೆ ಸೋರಿದ ನೀರು ತಾನಾಗಿ ಹಿಂದಕ್ಕೆ ಹರಿದು ಹೊರಹೋಗುತ್ತದೆ. ನೀರು ಗಡ್ಡೆಯಾಗುವಾಗ ಶೇಕಡಾ 9ರಷ್ಟು ಹಿಗ್ಗುವುದರಿಂದ, ತಳದಲ್ಲಿ ಉಳಿದ ನೀರು ಸಂದುಗಳನ್ನು ಸೀಳಿಬಿಡಬಹುದು.

ನಾಚಿಕೆಯ ವಿಷಯವೆಂದರೆ, ಇದು ನನಗೆ ಹೊಸ ಪಾಠವಾಗಬೇಕಿರಲಿಲ್ಲ. ನಾನು ಗಂಗೊಳ್ಳಿಯ ಕಡೆಯವನು. ಮಳೆಗಾಲದಲ್ಲಿ ಪಂಚಗಂಗಾವಳಿಯ ದಡಕ್ಕೆ ಎಳೆದಿಟ್ಟ ದೋಣಿಗೆ ದೊಡ್ಡಪ್ಪ ಹೆಣೆದ ತೆಂಗಿನ ಮಡಲಿನ ಮಾಡು ಕಟ್ಟುತ್ತಿದ್ದರು. ಉದ್ದಕ್ಕೂ ನೆತ್ತಿಗೊಂದು ಬಿದಿರು, ಎರಡೂ ಬದಿಗೆ ಪಕಾಸುಗಳಂತೆ ಇಳಿಬಿಟ್ಟ ಸಣ್ಣ ಗಳಗಳು, ಮೇಲೆ ಮಡಲು. ದೋಣಿಗೂ ಮಾಡಿಗೂ ನಡುವೆ ಎರಡೂ ತುದಿಯಲ್ಲಿ ಒಬ್ಬ ಹುಡುಗ ನುಗ್ಗುವಷ್ಟು ಜಾಗ. "ಮುಚ್ಚಿಬಿಟ್ರೆ ಒಳಗೇ ಕೊಳೀತ್ ಮಗಾ" ಎನ್ನುತ್ತಿದ್ದರು. ಅಲ್ಲಿ ಜೂನ್ ಜುಲೈ ತಿಂಗಳ ಮಳೆ, ಇಲ್ಲಿ ಐದು ತಿಂಗಳ ಹಿಮ. ಆದರೆ ದೋಣಿಯನ್ನು ಕೆಡಿಸುವುದು ಎರಡು ಕಡೆಯೂ ನೀರೇ, ಒಂದು ಮೇಲೆ ನಿಲ್ಲುವ ನೀರು, ಇನ್ನೊಂದು ಒಳಗೆ ಸಿಕ್ಕಿಕೊಳ್ಳುವ ತೇವ.

ಮೇಲಿನ ನೀರಿಗೆ ಮದ್ದು ಇಳಿಜಾರು. ನಿಮ್ಮ ದೋಣಿ 18 ಅಡಿ ಉದ್ದ, ಸುಮಾರು 8 ಅಡಿ ಅಗಲ ಎಂದುಕೊಂಡರೆ ಮೇಲ್ಮೈ 13 ಚದರ ಮೀಟರಿನಷ್ಟಾಗುತ್ತದೆ. ಬಿದ್ದು ಕುಸಿದ ಹಿಮ ಘನ ಮೀಟರಿಗೆ 200 ಕಿಲೋ ತೂಗುತ್ತದೆ ಎಂದು ಲೆಕ್ಕ ಹಿಡಿದರೂ, ಒಂದಡಿ ಹಿಮ ಸಪಾಟಾಗಿ ನಿಂತರೆ ಮುಕ್ಕಾಲು ಟನ್ನಿಗೂ ಹೆಚ್ಚು ಭಾರ. ಅದನ್ನು ಹೊರುವ ಚೌಕಟ್ಟು ಕಟ್ಟುವುದಕ್ಕಿಂತ ಅದು ಜಾರಿ ಬೀಳುವಂತೆ ಮಾಡುವುದು ಸುಲಭ. ನಾನು ದೋಣಿಯ ನಡುಗೆರೆಯಲ್ಲಿ ಮೂರು ಕಂಬಗಳನ್ನು ನಿಲ್ಲಿಸಿ, ಅವುಗಳ ನೆತ್ತಿಗೆ ಉದ್ದಕ್ಕೂ ಒಂದು ಟೂ ಬೈ ಫೋರ್ (ಹೆಸರಿಗೆ 2 ಇಂಚು ದಪ್ಪ, 4 ಇಂಚು ಅಗಲದ) ಮರವನ್ನು ಹಾಸಿ, ಎರಡೂ ಕಡೆ ಸುಮಾರು ಎರಡೆರಡು ಅಡಿ ಅಂತರದಲ್ಲಿ ಪಿವಿಸಿ ಪೈಪುಗಳನ್ನು ಪಕಾಸುಗಳಂತೆ ಇಳಿಸಿದ್ದೇನೆ. 8 ಅಡಿ ಅಗಲದ ದೋಣಿಯಲ್ಲಿ ನೆತ್ತಿಯು ಅಂಚಿಗಿಂತ 4 ಅಡಿ ಮೇಲಿದ್ದರೆ ಇಳಿಜಾರು 45 ಡಿಗ್ರಿಯಾಗುತ್ತದೆ. ನನ್ನದು ಮೂರೂವರೆ ಅಡಿ ಇದೆ, ಹಿಮ ಜಾರುತ್ತದೆ. ಕಂಬಗಳನ್ನು ಸೀಟಿನ ಮೇಲೆ ಊರಬೇಡಿ. ನೆಲದ ಮೇಲೆ ಪ್ಲೈವುಡ್ ತುಂಡು ಇಟ್ಟು ಅದರ ಮೇಲೆ ನಿಲ್ಲಿಸಿದರೆ ಭಾರ ಹರಡಿಕೊಳ್ಳುತ್ತದೆ. ವಿಂಡ್‌ಶೀಲ್ಡಿನ ಮೂಲೆ, ಹಗ್ಗ ಕಟ್ಟುವ ಗೂಟ, ಪೈಪಿನ ತುದಿ, ಹೀಗೆ ಚುಚ್ಚುವ ಪ್ರತಿಯೊಂದು ಜಾಗಕ್ಕೂ ಹಳೆಯ ಕಾರ್ಪೆಟ್ಟಿನ ತುಂಡನ್ನೋ ಸೀಳಿದ ಟೆನಿಸ್ ಚೆಂಡನ್ನೋ ಕಟ್ಟಿ. ಹೊದಿಕೆ ಹರಿಯಲು ಶುರುವಾಗುವುದು ಇಂಥ ಕಡೆಗಳಲ್ಲೇ.

ಒಳಗಿನ ತೇವದ ಕತೆ ಇದಕ್ಕಿಂತ ಸೂಕ್ಷ್ಮವಾದುದು, ಬಹಳ ಜನ ಎಡವುವುದೂ ಇಲ್ಲೇ. ಫೆಬ್ರವರಿಯ ಬಿಸಿಲಿನ ದಿನ ಹೊದಿಕೆಯ ಒಳಗಿನ ಗಾಳಿ ಬೆಚ್ಚಗಾಗಿ ಕಾರ್ಪೆಟ್ಟಿನಲ್ಲೂ ಸೀಟಿನ ಸ್ಪಂಜಿನಲ್ಲೂ ಉಳಿದ ತೇವವನ್ನು ಮೇಲಕ್ಕೆಳೆಯುತ್ತದೆ. ರಾತ್ರಿ ಅದು ತಣ್ಣನೆಯ ಪ್ಲಾಸ್ಟಿಕ್ಕಿನ ಒಳಮೈಗೆ ಬಿಳಿಯ ಹರಳಾಗಿ ಅಂಟುತ್ತದೆ. ಮರುದಿನ ಬಿಸಿಲಿಗೆ ಕರಗಿ ಹನಿಹನಿಯಾಗಿ ಮತ್ತೆ ಸೀಟಿನ ಮೇಲೆಯೇ ಬೀಳುತ್ತದೆ. ಒಮ್ಮೆ ಟಾರ್ಪಾಲಿನ ಅಂಚು ಎತ್ತಿ ಟಾರ್ಚ್ ಬಿಟ್ಟು ನೋಡಿದಾಗ ಒಳಗೆಲ್ಲ ಉಪ್ಪು ಎರಚಿದಂತೆ ಹೊಳೆಯುತ್ತಿತ್ತು. ಚೆಂದವಾಗಿಯೇ ಇತ್ತೆನ್ನಿ, ಏಪ್ರಿಲಿನಲ್ಲಿ ಸೀಟಿನ ಹೊಲಿಗೆಗಳುದ್ದಕ್ಕೂ ಕಪ್ಪು ಬೂಸ್ಟು ಕಾಣುವವರೆಗೆ. ಆದ್ದರಿಂದ ಬಿಚ್ಚಲು ಬರುವ ಕುಶನ್, ಲೈಫ್ ಜಾಕೆಟ್, ಹಗ್ಗ, ಎಲ್ಲವನ್ನೂ ಮನೆಯೊಳಗೆ ಒಯ್ಯಿರಿ. ಪೆಟ್ಟಿಗೆಗಳ ಮುಚ್ಚಳ ತೆರೆದಿಡಿ. ಕಾರ್ಪೆಟ್ಟಿಗೆ ಒಂದೆರಡು ದಿನ ಫ್ಯಾನ್ ಹಾಕಿ ಪೂರ್ತಿ ಒಣಗಿಸಿ, ಆಮೇಲೆ ಮುಚ್ಚಿ. ಮುಚ್ಚುವಾಗಲೂ ನೆತ್ತಿಯ ಕೆಳಗೆ ಮುಂದೊಂದು, ಹಿಂದೊಂದು ಕಿಂಡಿ ಇರಲೇಬೇಕು. ಅವುಗಳ ಮೇಲೆ ಟಾರ್ಪಾಲನ್ನು ಸೂರಿನಂತೆ ಚಾಚಿದರೆ ಹಿಮ ಒಳಗೆ ನುಗ್ಗುವುದಿಲ್ಲ. ಎರಡೇ ಎರಡು ಕಿಂಡಿಯಿಂದ ಏನಾದೀತು ಎನ್ನಿಸಬಹುದು, ಆದರೆ ಗಾಳಿಗೆ ಒಂದು ಕಡೆ ಬರಲೂ ಇನ್ನೊಂದು ಕಡೆ ಹೋಗಲೂ ದಾರಿಯಿದ್ದರೆ ಸಾಕು.

ಇನ್ನು ನಿಮ್ಮ ಮೂರು ಆಯ್ಕೆಗಳು. ಶ್ರಿಂಕ್ ರ‍್ಯಾಪ್ ಎಂದರೆ 7 ಮಿಲ್, ಅಂದರೆ ಸುಮಾರು 0.18 ಮಿಲಿಮೀಟರ್ ದಪ್ಪದ ಪಾಲಿಎಥಿಲೀನ್ ಹಾಳೆಯನ್ನು ಚೌಕಟ್ಟಿನ ಮೇಲೆ ಹಾಸಿ, ಪ್ರೊಪೇನ್ ಉರಿಯ ಬಿಸಿಗೆ ಕುಗ್ಗಿಸಿ ಡೋಲಿನ ಚರ್ಮದಂತೆ ಬಿಗಿಮಾಡುವುದು. ಗಾಳಿಗೆ ಅದು ಪಟಪಟಿಸುವುದಿಲ್ಲ, ಹಿಮ ನಿಲ್ಲುವುದಿಲ್ಲ; ನಿಜಕ್ಕೂ ಅಚ್ಚುಕಟ್ಟು. ಆದರೆ ಅಡಿಯ ಲೆಕ್ಕದಲ್ಲಿ ಪ್ರತಿ ವರ್ಷ ಹಣ ಕೊಡಬೇಕು, ವಸಂತದಲ್ಲಿ ಅದನ್ನು ಕತ್ತರಿಸಿ ತೆಗೆದ ಮೇಲೆ ಮತ್ತೆ ಬಳಸುವಂತಿಲ್ಲ, ಉಸಿರಾಡದ ಪ್ಲಾಸ್ಟಿಕ್ಕಾದ್ದರಿಂದ ಗಾಳಿಕಿಂಡಿಗಳನ್ನು ಅಂಟಿಸದಿದ್ದರೆ ಮೇಲೆ ಹೇಳಿದ ತೇವದ ಕಾಟ ಇದರಲ್ಲೇ ಅತಿ ಹೆಚ್ಚು. ಎಷ್ಟು ಕಿಂಡಿ ಇಡುತ್ತೀರಿ ಎಂದು ಮೊದಲೇ ಕೇಳಿ. ದುಡ್ಡು ಉಳಿಸಲು ಬಾಡಿಗೆಗೆ ಉರಿಯಂತ್ರ ತಂದು ಸ್ವತಃ ಮಾಡಲು ಹೋಗಬೇಡಿ. ಪೆಟ್ರೋಲ್ ಆವಿ ಉಳಿದಿರಬಹುದಾದ ದೋಣಿಯ ಮೇಲೆ ಉರಿ ಆಡಿಸುವುದು ಪಳಗಿದ ಕೈಗಳ ಕೆಲಸ.

ಅಳತೆಗೆ ಹೊಲಿಸಿದ ಅಕ್ರಿಲಿಕ್ ಕ್ಯಾನ್ವಾಸ್ ತೇವವನ್ನು ತಕ್ಕಮಟ್ಟಿಗೆ ಹೊರಬಿಡುತ್ತದೆ, ಬಿಸಿಲಿಗೆ ಬೇಗ ಬಣ್ಣಗೆಡುವುದಿಲ್ಲ, ವರ್ಷಗಟ್ಟಲೆ ಬಾಳುತ್ತದೆ. ದೋಣಿಯನ್ನು ಹತ್ತಾರು ವರ್ಷ ಇಟ್ಟುಕೊಳ್ಳುವವರಿಗೆ, ಅದಕ್ಕೆ ಹೊಂದುವ ಚೌಕಟ್ಟನ್ನೂ ಸೇರಿಸಿ ಮಾಡಿಸಿಕೊಳ್ಳುವುದಾದರೆ, ಇದೇ ಒಳ್ಳೆಯದು. ಆದರೆ ಹಳೆಯ ದೋಣಿಯ ಜೊತೆಗೆ ನಿಮಗೆ ಸಿಕ್ಕಿರಬಹುದಾದ ಕವರ್ ಬೇಸಗೆಯ ಪ್ರಯಾಣಕ್ಕೆ ಹೊಲಿದದ್ದು. ದೋಣಿಯ ಮೈಗೆ ಒತ್ತಿಕೊಂಡು ಕೂರುವಂತೆ ಮಾಡಿದ ಅದನ್ನು ಹಿಮಕ್ಕೆ ಒಡ್ಡಿದರೆ ನನ್ನ ಮೊದಲ ವರ್ಷದ ಟಾರ್ಪಾಲಿನ ಗತಿಯೇ ಅದಕ್ಕೂ.

ಈ ವರ್ಷಕ್ಕೆ ನನ್ನ ಸಲಹೆ ಟಾರ್ಪಾಲು. ತೆಳುವಾದ ನೀಲಿಯದಲ್ಲ, ದಪ್ಪ ನೇಯ್ಗೆಯ, ಬಿಸಿಲು ತಾಳುವ ಬೆಳ್ಳಿ ಅಥವಾ ಬಿಳಿ ಬಣ್ಣದ್ದು ತನ್ನಿ. ಅದರ ಅಂಚಿನಲ್ಲಿರುವ ಲೋಹದ ಕಣ್ಣುಗಳನ್ನೇ ನಂಬಬೇಡಿ, ಜನವರಿಯ ಗಾಳಿಗೆ ಮೊದಲು ಕಿತ್ತು ಬರುವುದೇ ಅವು. ದೊಡ್ಡಪ್ಪನ ಉಪಾಯವನ್ನೇ ನಾನು ಇಲ್ಲಿಯೂ ಮಾಡುತ್ತೇನೆ: ಅಂಚಿನ ಒಳಗೆ ನಿಂಬೆಹಣ್ಣಿನ ಗಾತ್ರದ ಉರುಟು ಕಲ್ಲನ್ನಿಟ್ಟು, ಬಟ್ಟೆಯನ್ನು ಅದರ ಸುತ್ತ ಗಂಟಿನಂತೆ ಹಿಡಿದು, ಆ ಗಂಟಿನ ಕುತ್ತಿಗೆಗೆ ಹಗ್ಗ ಬಿಗಿಯುವುದು. ಹಗ್ಗ ದೋಣಿಯ ಹೊಟ್ಟೆಯಡಿಯಿಂದ ಹಾಯ್ದು ಎದುರು ಬದಿಯ ಗಂಟಿಗೆ ಸೇರಬೇಕು, ಇಲ್ಲವೇ ಟ್ರೈಲರಿನ ಕಬ್ಬಿಣಕ್ಕೆ. ಮುಂದೊಂದು ದಿನ ದೋಣಿಯನ್ನು ಟ್ರೈಲರಿನ ಬದಲು ಬಿಡಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದರೆ ಹಗ್ಗವನ್ನು ಆ ಸ್ಟ್ಯಾಂಡುಗಳಿಗೆ ಮಾತ್ರ ಎಂದಿಗೂ ಕಟ್ಟಬೇಡಿ. ಗಾಳಿ ಟಾರ್ಪಾಲನ್ನು ಎಳೆದಾಡಿದಂತೆ ಸ್ಟ್ಯಾಂಡೂ ಅಲುಗಿ ಜಾರಿ ಇಡೀ ದೋಣಿ ಮಗುಚಬಹುದು. ಸಡಿಲಾದ ಟಾರ್ಪಾಲು ಮರಳುಕಾಗದದಂತೆ ದೋಣಿಯ ಹೊಳಪನ್ನು ಉಜ್ಜಿ ತೆಗೆಯುತ್ತದೆ, ಹಾಗಾಗಿ ತಿಂಗಳಿಗೆರಡು ಸಲ ಹಗ್ಗಗಳನ್ನು ಮುಟ್ಟಿ ನೋಡಿ.

ಹಿಮ ಬಿದ್ದ ದಿನ ಸಲಿಕೆ ಹಿಡಿಯಬೇಡಿ. ಕೊರೆಯುವ ಚಳಿಯಲ್ಲಿ ಪ್ಲಾಸ್ಟಿಕ್ ಹಪ್ಪಳದಂತಾಗಿರುತ್ತದೆ, ಮೆತ್ತನೆಯ ಪೊರಕೆಯಿಂದ ಕೆಳಮುಖವಾಗಿ ಎಳೆದರೆ ಸಾಕು. ಮುಚ್ಚುವ ಕೆಲಸವನ್ನು ಅಕ್ಟೋಬರ್ ನಡುವಿನೊಳಗೆ ಮುಗಿಸಿ. 1991ರಲ್ಲಿ ಅಕ್ಟೋಬರ್ 31ಕ್ಕೆ ಶುರುವಾದ ಹಿಮಬಿರುಗಾಳಿ ನಿಮ್ಮ ಊರಿನಲ್ಲಿ 28 ಇಂಚು ಹಿಮ ಸುರಿಸಿದ್ದನ್ನು ಇಲ್ಲಿಯ ಹಳಬರು ಇನ್ನೂ ಹೇಳುತ್ತಾರೆ.

ಟಾರ್ಪಾಲಿನ ಅಳತೆಯನ್ನು ದೋಣಿ ನೋಡಿ ಅಂದಾಜಿಸಬೇಡಿ. ಎರಡು ಇಳಿಜಾರು, ಎರಡು ಬದಿಯ ಇಳಿಬಿಡುವಿಕೆ, ಹಿಂದಿನ ಎಂಜಿನ್ ಎಲ್ಲ ಸೇರಿ 18 ಅಡಿಯ ದೋಣಿಗೆ ಕಡಿಮೆಯೆಂದರೂ 16 ಅಡಿ ಅಗಲ, 24 ಅಡಿ ಉದ್ದ ಬೇಕಾಗುತ್ತದೆ. ಈ ಶನಿವಾರ ಚೌಕಟ್ಟು ನಿಲ್ಲಿಸಿ, ಅದರ ನೆತ್ತಿಯ ಮೇಲಿಂದ ಹಗ್ಗವೊಂದನ್ನು ಆಚೆಗೆಸೆದು, ಎರಡೂ ಬದಿ ದೋಣಿಯ ಅಂಚಿಗಿಂತ ಎರಡೂವರೆ ಅಡಿ ಕೆಳಗಿಳಿಸಿ ಅಳೆಯಿರಿ. ಅಂಗಡಿಗೆ ಭಾನುವಾರ ಹೋದರಾಯಿತು.