ಯುಪಿಐ 666ರ ಗುರುತಾ? ಪುಣೆಯ ರೂಮ್‌ಮೇಟ್ ಬಗ್ಗೆ ಕೇಳಿದವರಿಗೆ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನೀವು ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುತ್ತೀರಿ. ಜೊತೆಗಿರುವ ಬೆಳಗಾವಿ ಕಡೆಯ ಗೆಳೆಯ ಕೆಲವು ತಿಂಗಳಿಂದ ಒಂದು ಪ್ರಾರ್ಥನಾ ಕೂಟಕ್ಕೆ ಹೋಗುತ್ತಿದ್ದಾನೆ. ಆಧಾರ್, ಯುಪಿಐ ಎಲ್ಲ ಬೈಬಲ್ ಹೇಳಿದ 666ರ ಗುರುತು, ಯೇಸು ಬರುವುದಕ್ಕೆ ಜಾಸ್ತಿ ದಿನ ಉಳಿದಿಲ್ಲ ಎನ್ನುತ್ತಾನೆ. ಕೆಲಸ ಬಿಟ್ಟು ಪಿಎಫ್ ತೆಗೆಯಲು ಹೊರಟಿದ್ದಾನೆ. ಬೈಬಲ್‌ನಲ್ಲಿ ನಿಜವಾಗಿಯೂ ಹಾಗೆ ಇದೆಯಾ, ಕ್ರೈಸ್ತನಲ್ಲದ ನಾನು ಅವನಿಗೆ ಏನು ಹೇಳಲಿ, ಅವನು ಕರೆದರೆ ಕೂಟಕ್ಕೆ ಹೋಗಲಾ ಎಂದು ಕೇಳಿದ್ದೀರಿ.

ಹಾಗೆ ಇಲ್ಲ. ಆದರೆ 'ಅದೆಲ್ಲ ಮೂಢನಂಬಿಕೆ ಬಿಡು' ಅಂತ ಅವನಿಗೆ ಹೇಳಬೇಡಿ. ಅಲ್ಲಿಗೆ ಮಾತು ಮುಗಿಯುತ್ತದೆ, ಅವನು ಇನ್ನೂ ಗಟ್ಟಿಯಾಗುತ್ತಾನೆ.

ನಾನು ಧಾರವಾಡ ಕಡೆಯ ಕ್ರೈಸ್ತ, ಪುಣೆಗೆ ಬಂದು ಬಹಳ ವರ್ಷವಾಯಿತು, ಇಲ್ಲಿಯೇ ಕನ್ನಡ ಆರಾಧನೆಗೆ ಹೋಗುತ್ತೇನೆ. ಯೇಸುವಿನ ಎರಡನೇ ಬರೋಣವನ್ನು, ಅಂದರೆ ಆತನು ಮತ್ತೆ ಬರುವುದನ್ನು, ನಾನೂ ನಂಬುತ್ತೇನೆ. ಜೀವಂತರಿಗೂ ಸತ್ತವರಿಗೂ ನ್ಯಾಯ ತೀರಿಸಲು ಆತನು ಬರುತ್ತಾನೆ ಎಂದು ವಿಶ್ವಾಸ ಪ್ರಮಾಣದಲ್ಲಿ (ನಮ್ಮ ನಂಬಿಕೆಯ ಸಾರ ಹೇಳುವ ಪಾಠ) ಎಲ್ಲರೂ ಹೇಳುತ್ತೇವೆ. ಅಷ್ಟೇ ಹೇಳುತ್ತೇವೆ. ಅದರಲ್ಲಿ ಏಳು ವರ್ಷದ ಲೆಕ್ಕವಿಲ್ಲ, ಮೈಯೊಳಗೆ ಹಾಕುವ ಚಿಪ್ ಇಲ್ಲ, ಇಸವಿ ಇಲ್ಲ. ನಿಮ್ಮ ಗೆಳೆಯ ಕಲಿಯುತ್ತಿರುವುದು ಕ್ರೈಸ್ತರೊಳಗಿನ ಒಂದು ಓದು, ಅಂದರೆ ಬೈಬಲ್ ಅನ್ನು ಅರ್ಥ ಮಾಡಿಕೊಳ್ಳುವ ಒಂದು ಬಗೆ. ಅದೂ ಸುಮಾರು 200 ವರ್ಷದ ಹಿಂದೆ ಹುಟ್ಟಿದ ಓದು.

ಮೊದಲು 666ಕ್ಕೆ ಬರೋಣ. ಅದು ಇರುವುದು ಬೈಬಲ್‌ನ ಕೊನೆಯ ಪುಸ್ತಕವಾದ ಪ್ರಕಟನೆಯ 13ನೇ ಅಧ್ಯಾಯದಲ್ಲಿ. ಒಂದು ಮೃಗ ಎಲ್ಲರ ಬಲಗೈಗೆ ಅಥವಾ ಹಣೆಗೆ ಗುರುತು ಹಾಕಿಸುತ್ತದೆ, ಗುರುತಿಲ್ಲದವರು ಕೊಳ್ಳುವ ಹಾಗಿಲ್ಲ, ಮಾರುವ ಹಾಗಿಲ್ಲ. ಇಷ್ಟು ಓದಿದ ಕೂಡಲೇ ಫೋನ್ ಸ್ಕ್ಯಾನ್ ನೆನಪಾಗುವುದು ಸಹಜ. ಆದರೆ ಈ ಪುಸ್ತಕ ಶುರುವಾಗುವುದೇ ಒಂದು ಪತ್ರವಾಗಿ. ಎಫೆಸ, ಸ್ಮುರ್ನ, ಪೆರ್ಗಮ ಮೊದಲಾದ ಏಳು ಊರಿನ ಸಭೆಗಳಿಗೆ (ಚರ್ಚ್‌ಗಳಿಗೆ) ಬರೆದದ್ದು ಅದು. ಎಲ್ಲವೂ ಇವತ್ತಿನ ಟರ್ಕಿಯಲ್ಲಿರುವ ಊರುಗಳು. ಬರೆದವನು ಪತ್ಮೋಸ್ ದ್ವೀಪದಲ್ಲಿದ್ದ ಯೋಹಾನ. ಕ್ರಿಸ್ತಶಕ 95ರ ಆಸುಪಾಸು, ರೋಮಿನಲ್ಲಿ ಡೊಮಿಷಿಯನ್ ಚಕ್ರವರ್ತಿಯಾಗಿದ್ದ ಕಾಲ ಎಂದು ಹೆಚ್ಚಿನವರು ಹೇಳುತ್ತಾರೆ. ಪೆರ್ಗಮದಲ್ಲಿ ಅದಕ್ಕೂ ನೂರಕ್ಕಿಂತ ಹೆಚ್ಚು ವರ್ಷ ಮೊದಲೇ ಅಗಸ್ಟಸ್ ಚಕ್ರವರ್ತಿಯ ದೇವಸ್ಥಾನ ಕಟ್ಟಿ ಪೂಜೆ ಶುರು ಮಾಡಿದ್ದರು. ಕುಶಲಕರ್ಮಿಗಳ ಸಂಘದಲ್ಲಿ ಇರಬೇಕು, ಅವರ ಹಬ್ಬದೂಟಕ್ಕೆ ಕೂರಬೇಕು, ಅಲ್ಲಿ ದೇವರುಗಳಿಗೂ ಚಕ್ರವರ್ತಿಗೂ ನೈವೇದ್ಯ. ಇಲ್ಲ ಅಂದರೆ ವ್ಯಾಪಾರ ಕಷ್ಟ. ಅಂಥವರಿಗೆ 'ಕೊಳ್ಳುವ ಹಾಗಿಲ್ಲ, ಮಾರುವ ಹಾಗಿಲ್ಲ' ಎಂಬ ಸಾಲು ಕೇಳಿಸಿದ್ದು ಭವಿಷ್ಯವಾಣಿಯಾಗಿ ಅಲ್ಲ, ತಮ್ಮ ಬೀದಿಯ ಸುದ್ದಿಯಾಗಿ.

ಆ ಸಂಖ್ಯೆಯನ್ನು ಬುದ್ಧಿಯುಳ್ಳವನು ಲೆಕ್ಕ ಮಾಡಲಿ ಎಂದು ಅಲ್ಲಿಯೇ ಬರೆದಿದೆ. ಅಂದರೆ ಆಗಿನ ಓದುಗರು ಲೆಕ್ಕ ಮಾಡಬಹುದಾಗಿತ್ತು, ಅಲ್ವಾ? ಹೀಬ್ರೂವಿನಲ್ಲಿ ಅಕ್ಷರಗಳಿಗೇ ಅಂಕಿಯ ಬೆಲೆ ಇದೆ. 'ನೀರೋನ್ ಕೈಸರ್' ಎಂದು ಹೀಬ್ರೂ ಅಕ್ಷರಗಳಲ್ಲಿ ಬರೆದು ಕೂಡಿಸಿದರೆ 666. ಕ್ರೈಸ್ತರನ್ನು ಕೊಲ್ಲಿಸಿದ ಅದೇ ನೀರೋ ಚಕ್ರವರ್ತಿ. ಅವನ ಹೆಸರಿನ ಕೊನೆಯ 'ನ್' ಬಿಟ್ಟರೆ 50 ಕಡಿಮೆಯಾಗಿ 616 ಬರುತ್ತದೆ. ಮಜಾ ಏನೆಂದರೆ, ಕೆಲವು ಹಳೆಯ ಕೈಬರಹದ ಪ್ರತಿಗಳಲ್ಲಿ 616 ಎಂದೇ ಇದೆ. 2ನೇ ಶತಮಾನದ ಕ್ರೈಸ್ತ ಗುರು ಐರೇನಿಯಸ್ ಆ ಪ್ರತಿಗಳನ್ನು ನೋಡಿ, ಇದು ತಪ್ಪು, 666 ಸರಿ ಎಂದು ವಾದ ಮಾಡಿದ್ದಾನೆ. ಎರಡೂ ಅಂಕಿ ಒಬ್ಬನ ಹೆಸರಿಗೇ ಹೊಂದುವುದು ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ.

ಇನ್ನು ಕೈ ಮತ್ತು ಹಣೆ. ಅದು ಯೋಹಾನನ ಹೊಸ ಕಲ್ಪನೆಯಲ್ಲ. ಬೈಬಲ್‌ನ ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ 6ನೇ ಅಧ್ಯಾಯದಲ್ಲಿ ದೇವರ ಮಾತನ್ನು ಕೈಗೆ ಕಟ್ಟಿಕೊಳ್ಳಿ, ಹಣೆಗೆ ಇಟ್ಟುಕೊಳ್ಳಿ ಎಂದು ಮೋಶೆ ಹೇಳುತ್ತಾನೆ. ಮಾಡುವ ಕೆಲಸ, ಮನಸ್ಸು ಎರಡೂ ದೇವರದ್ದಾಗಿರಲಿ ಎಂಬ ಅರ್ಥ. ನಿಮ್ಮ ಗೆಳೆಯನಿಗೆ ಒಂದೇ ಒಂದು ಕೆಲಸ ಹೇಳಿ: 13ನೇ ಅಧ್ಯಾಯ ಮುಗಿದ ಮೇಲೆ ಪುಟ ಮುಚ್ಚದೆ ಮುಂದಿನ ವಚನ ಓದಲಿ. 14ನೇ ಅಧ್ಯಾಯದ ಮೊದಲ ವಚನದಲ್ಲಿ ಯೇಸುವಿನ ಜನರ ಹಣೆಯ ಮೇಲೂ ಹೆಸರು ಬರೆದಿದೆ. ಆ ಗುರುತಿಗೆ ಯಾರೂ ಚಿಪ್ ಹುಡುಕುವುದಿಲ್ಲ! ಅದು ನಿಷ್ಠೆಯ ಗುರುತು ಎಂದು ಸುಲಭವಾಗಿ ಒಪ್ಪುತ್ತಾರೆ. ಮೃಗದ ಗುರುತು ಮಾತ್ರ ಬಾರ್‌ಕೋಡ್ ಆಗಬೇಕು, ಕ್ರೆಡಿಟ್ ಕಾರ್ಡ್ ಆಗಬೇಕು, ಕೋವಿಡ್ ಲಸಿಕೆ ಆಗಬೇಕು, ಈಗ ಯುಪಿಐ ಆಗಬೇಕು. (ಅಂದ ಹಾಗೆ ಪಿಎಫ್ ಅನ್ನು ಆನ್‌ಲೈನ್‌ನಲ್ಲಿ ತೆಗೆಯುವುದಕ್ಕೂ ಆಧಾರ್ ಓಟಿಪಿ ಬೇಕು. ಅವನು ಇದನ್ನು ಹೇಗೆ ಹೊಂದಿಸಿಕೊಂಡಿದ್ದಾನೋ ಕೇಳಿ ನೋಡಿ.)

ಈಗ ನಿಮ್ಮ ಗೆಳೆಯ ಕಲಿಯುತ್ತಿರುವ ಓದಿನ ಹಿಂದಿನ ಅಸಲಿ ಯಂತ್ರ ಯಾವುದು ಅಂತ ಹೇಳುತ್ತೇನೆ. ಏಳು ವರ್ಷದ ಮಹಾಸಂಕಟ, ಅದಕ್ಕೆ ಮೊದಲೇ ವಿಶ್ವಾಸಿಗಳು ಮಾಯವಾಗಿ ಮೇಲಕ್ಕೆ ಹೋಗುವುದು, ಕ್ರಿಸ್ತವಿರೋಧಿ (ಕಡೇ ಕಾಲದಲ್ಲಿ ಬರುವ ಕ್ರಿಸ್ತನ ಶತ್ರು) ಬಂದು ಇಸ್ರೇಲ್ ಜೊತೆ ಒಪ್ಪಂದ ಮಾಡಿಕೊಳ್ಳುವುದು. ಇವನ್ನೆಲ್ಲ ಹಿಡಿದು ನಿಲ್ಲಿಸಿರುವ ಮೊಳೆ ಬೈಬಲ್‌ನ ದಾನಿಯೇಲ ಎಂಬ ಪುಸ್ತಕದ 9ನೇ ಅಧ್ಯಾಯದ ಕೊನೆಯ ನಾಲ್ಕು ವಚನ. ಅಲ್ಲಿ 70 ವಾರಗಳ ಮಾತಿದೆ. ಒಂದು ವಾರಕ್ಕೆ ಏಳು ವರ್ಷ ಎಂದು ಹಿಡಿದರೆ 490 ವರ್ಷ. ಜೆರುಸಲೇಮನ್ನು ಮತ್ತೆ ಕಟ್ಟಲು ಅಪ್ಪಣೆಯಾದಲ್ಲಿಂದ 69 ವಾರ ಕಳೆದ ಮೇಲೆ ಅಭಿಷಿಕ್ತನು ಛೇದಿಸಲ್ಪಡುತ್ತಾನೆ, ಆಮೇಲೆ ಉಳಿದ ಒಂದು ವಾರ. ಹಳೆಯ ಸಭಾಪಿತೃಗಳಲ್ಲಿ (ಮೊದಲ ಶತಮಾನಗಳ ಕ್ರೈಸ್ತ ಗುರುಗಳಲ್ಲಿ) ಹೆಚ್ಚಿನವರು ಇದನ್ನು ಯೇಸುವಿನ ಕಾಲಕ್ಕೆ ಹೊಂದಿಸಿದರು. ಈಗಿನ ಬಹಳ ವಿದ್ವಾಂಸರು ಕ್ರಿಸ್ತಪೂರ್ವ 167ರಲ್ಲಿ ಜೆರುಸಲೇಮಿನ ದೇವಾಲಯವನ್ನು ಹೊಲಸು ಮಾಡಿದ ಅಂತಿಯೋಕಸ್ ರಾಜನ ಕಾಲದ ಮಾತು ಎನ್ನುತ್ತಾರೆ. 1830ರ ಹೊತ್ತಿಗೆ ಜಾನ್ ನೆಲ್ಸನ್ ಡಾರ್ಬಿ ಎಂಬ ಕ್ರೈಸ್ತ ಬೋಧಕ ಬೇರೆ ದಾರಿ ಹಿಡಿದ. ಅವನ ಓದಿನಲ್ಲಿ 69 ವಾರ ಮುಗಿದ ಮೇಲೆ ಆಟ ನಿಂತಿದೆ. ಕೊನೆಯ ಓವರ್ ಬಾಕಿ ಇರುವಾಗ ಮಳೆ ಬಂದು, ಮಳೆ ಎರಡು ಸಾವಿರ ವರ್ಷ ನಿಲ್ಲದ ಹಾಗೆ. ಸಭೆಯನ್ನು ಮೇಲಕ್ಕೆ ಎತ್ತಿಕೊಂಡ ನಂತರ ಆ ಕೊನೆಯ ಏಳು ವರ್ಷ ಶುರುವಾಗುತ್ತದಂತೆ.

ಆ ನಾಲ್ಕು ವಚನ ನೀವೇ ಓದಿ. ಆಟ ನಿಂತಿತು ಎಂದು ಎಲ್ಲಿಯೂ ಬರೆದಿಲ್ಲ. ಅದು ಓದುವವರು ಸೇರಿಸಿದ ವಿರಾಮ.

ಡಾರ್ಬಿಯ ಈ ಯೋಚನೆ ಹಳ್ಳಿಹಳ್ಳಿಗೆ ಹೋದದ್ದು 1909ರಲ್ಲಿ ಅಮೆರಿಕದ ಸ್ಕೋಫೀಲ್ಡ್ ಎಂಬುವರು ಟಿಪ್ಪಣಿ ಹಾಕಿ ತಂದ ಬೈಬಲ್‌ನಿಂದ. ಮೇಲೆ ದೇವರ ವಾಕ್ಯ, ಅದೇ ಪುಟದ ಕೆಳಗೆ ಸ್ಕೋಫೀಲ್ಡ್ ವಿವರಣೆ. ಓದುವವರಿಗೆ ಎರಡರ ನಡುವಿನ ಗೆರೆ ನಿಧಾನಕ್ಕೆ ಅಳಿಸಿಹೋಯಿತು. ಈಗ ಅದೇ ಕೆಲಸವನ್ನು ಯೂಟ್ಯೂಬ್ ಮಾಡುತ್ತಿದೆ. ನಿಮ್ಮ ಗೆಳೆಯನಿಗೆ ಇದು ಒಂದು ಪಂಥದ ವಿವರಣೆ ಎಂದೇ ಗೊತ್ತಿರಲಿಕ್ಕಿಲ್ಲ, 'ಬೈಬಲ್ ಹೇಳುತ್ತದೆ' ಎಂದೇ ಅವನು ಕೇಳಿರುತ್ತಾನೆ. ಇದನ್ನು ನಂಬುವವರೆಲ್ಲ ಮೋಸಗಾರರೂ ಅಲ್ಲ. ನನಗೆ ಗೊತ್ತಿರುವ ಬಹಳ ಒಳ್ಳೆಯ ಜನ, ಬೈಬಲ್ ಅನ್ನು ನನಗಿಂತ ಜಾಸ್ತಿ ಓದುವವರು, ಇದನ್ನೇ ನಂಬುತ್ತಾರೆ. ಆದರೆ ಅವರು ಕೆಲಸ ಬಿಟ್ಟಿಲ್ಲ.

ಉಳಿದ ಕ್ರೈಸ್ತರ ಕಥೆ ಚಿಕ್ಕದು. ಗೋವಾದ ಕ್ಯಾಥೊಲಿಕರನ್ನು ಕೇಳಿದರೆ, ಪ್ರಕಟನೆ 20ರಲ್ಲಿ ಬರುವ ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆಯನ್ನು ಅವರ ಸಭೆ 5ನೇ ಶತಮಾನದ ಅಗಸ್ಟೀನನ ಹಾಗೆ ಸಾಂಕೇತಿಕವಾಗಿ ಓದುತ್ತದೆ. ನಮ್ಮ ಕಡೆಯ ಬಾಸೆಲ್ ಮಿಷನ್ ಮೂಲದ ಸಭೆಗಳಲ್ಲೂ ಅಯ್ಯನವರು (ಪಾಸ್ಟರ್) ಪೀಠದಿಂದ ಇಸವಿ ಲೆಕ್ಕ ಹಾಕುವುದನ್ನು ನಾನು ಕೇಳಿಲ್ಲ.

ಲೆಕ್ಕ ಹಾಕಿದವರಿಗೆ ಏನಾಯಿತು ಅನ್ನುವುದಕ್ಕೆ ಪಟ್ಟಿ ಉದ್ದವಿದೆ. ಅಮೆರಿಕದ ವಿಲಿಯಂ ಮಿಲ್ಲರ್ ಅನುಯಾಯಿಗಳು ದಾನಿಯೇಲನ 2,300 ದಿನವನ್ನು ವರ್ಷ ಮಾಡಿಕೊಂಡು 1844ರ ಅಕ್ಟೋಬರ್ 22 ಎಂದು ಗೊತ್ತು ಮಾಡಿದರು. ಕೆಲವರು ಆ ವರ್ಷ ಬೆಳೆ ಕೂಡ ಕೊಯ್ಯಲಿಲ್ಲ. ಆ ನಿರಾಶೆಯಿಂದ ಎದ್ದ ಗುಂಪುಗಳಲ್ಲಿ ಒಂದು ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆ. ಪುಣೆಯ ಔಂಧ್‌ನಲ್ಲಿರುವ ಸ್ಪೈಸರ್ ವಿಶ್ವವಿದ್ಯಾಲಯ ಅವರದ್ದೇ. ಅವರೂ ಬರೋಣವನ್ನು ಕಾಯುತ್ತಾರೆ, ಆದರೆ ದಿನಾಂಕ ಹೇಳುವುದಿಲ್ಲ, ಕಾಲೇಜು ಕಟ್ಟುತ್ತಾರೆ. ನನಗೆ ತುಂಬಾ ಇಷ್ಟವಾದ ಕಥೆ ಇನ್ನೊಂದು. 1981ರಲ್ಲಿ ಗ್ರೀಸ್ ಸೇರಿ ಯುರೋಪಿನ ಆರ್ಥಿಕ ಸಮುದಾಯದಲ್ಲಿ ಹತ್ತು ದೇಶಗಳಾದವು. ದಾನಿಯೇಲನ ಮೃಗಕ್ಕೆ ಹತ್ತು ಕೊಂಬು, ಸಿಕ್ಕಿಬಿತ್ತು ಎಂದು ಚರ್ಚ್‌ಗಳಲ್ಲಿ ಎಷ್ಟು ಪ್ರಸಂಗಗಳು! 1986ರಲ್ಲಿ ಸ್ಪೇನ್, ಪೋರ್ಚುಗಲ್ ಸೇರಿ ಹನ್ನೆರಡಾಯಿತು. ಕೊಂಬಿನ ಮಾತು ಮೆಲ್ಲಗೆ ಬೇರೆ ಕಡೆ ಹೋಯಿತು. 1948ರಲ್ಲಿ ಇಸ್ರೇಲ್ ಆಯಿತು, ಒಂದು ತಲೆಮಾರಿಗೆ 40 ವರ್ಷ, ಹಾಗಾಗಿ 1988 ಎಂದರು. ಅದೂ ಹೋಯಿತು. 2011ರ ಮೇ 21 ಎಂದ ಹೆರಾಲ್ಡ್ ಕ್ಯಾಂಪಿಂಗ್, ಅಂದು ಏನೂ ಆಗದಾಗ ಅಕ್ಟೋಬರ್ 21 ಎಂದ.

ನಿಮ್ಮ ಗೆಳೆಯ ಇದಕ್ಕೆ ಉತ್ತರ ಇಟ್ಟುಕೊಂಡಿರುತ್ತಾನೆ: ಅವರೆಲ್ಲ ತಪ್ಪು, ನಾವು ದಿನಾಂಕ ಹೇಳುತ್ತಿಲ್ಲ, ಇದು ಅಂತ್ಯದ ದಿನಗಳು ಎನ್ನುತ್ತಿದ್ದೇವೆ ಅಷ್ಟೇ. ಆಗ ಅಪೊಸ್ತಲರ ಕೃತ್ಯಗಳು 2ನೇ ಅಧ್ಯಾಯ ತೋರಿಸಿ. 'ಕಡೇ ದಿನಗಳಲ್ಲಿ' ನಡೆಯುತ್ತದೆ ಎಂದು ಪ್ರವಾದಿ ಹೇಳಿದ್ದು ಇವತ್ತು ನಡೆಯಿತು ಎಂದು ಯೇಸುವಿನ ಶಿಷ್ಯ ಪೇತ್ರನು ಜೆರುಸಲೇಮಿನ ಜನರ ಎದುರು ಹೇಳುತ್ತಾನೆ. ಅವತ್ತಿನಿಂದಲೇ ಕಡೇ ದಿನಗಳು ಶುರು. ಎರಡು ಸಾವಿರ ವರ್ಷದಿಂದ ಸಭೆ ಅದರಲ್ಲೇ ಬದುಕುತ್ತಾ, ಮದುವೆ ಮಾಡುತ್ತಾ, ಸಾಲ ತೀರಿಸುತ್ತಾ ಬಂದಿದೆ.

ಇದಕ್ಕೆ ಪುಣೆಯ ಪಕ್ಕದಲ್ಲೇ ಉದಾಹರಣೆ ಇದೆ. ದೌಂಡ್ ಕಡೆಗೆ ರೈಲು ಹಿಡಿದರೆ ಕೇಡಗಾಂವ್ ಸಿಗುತ್ತದೆ. ಅಲ್ಲಿ ಮುಕ್ತಿ ಮಿಷನ್ ಕಟ್ಟಿದ ಪಂಡಿತಾ ರಮಾಬಾಯಿ 1858ರಲ್ಲಿ ನಮ್ಮ ಕರ್ನಾಟಕದ ಪಶ್ಚಿಮ ಘಟ್ಟದಲ್ಲೇ ಹುಟ್ಟಿದವರು. 1905ರಲ್ಲಿ ಅಲ್ಲಿ ದೊಡ್ಡ ಉಜ್ಜೀವನ, ಅಂದರೆ ಭಕ್ತಿಯ ಹೊಸ ಅಲೆ, ಆಯಿತು. ಹೆಣ್ಣುಮಕ್ಕಳು ಅತ್ತು ಪ್ರಾರ್ಥಿಸಿದ ಸುದ್ದಿ ದೇಶ ದಾಟಿತು, ಅಂಥ ಉಜ್ಜೀವನಗಳನ್ನು ನೋಡಿ ಅಂತ್ಯ ಹತ್ತಿರ ಬಂತು ಎಂದವರು ಆಗಲೂ ಇದ್ದರು. ರಮಾಬಾಯಿ ಅದಾದ ಮೇಲೆ ಬೀಗ ಹಾಕಲಿಲ್ಲ. ಬರಗಾಲದಲ್ಲಿ ಕರೆತಂದ ವಿಧವೆಯರಿಗೆ, ಅನಾಥ ಮಕ್ಕಳಿಗೆ ಊಟ ಹಾಕುತ್ತಾ, ಕೆಲಸ ಕಲಿಸುತ್ತಾ, ಮರಾಠಿಗೆ ಬೈಬಲ್ ಅನುವಾದ ಮಾಡುತ್ತಾ 1922ರಲ್ಲಿ ತೀರಿಕೊಂಡರು. ಗೆಳೆಯನನ್ನು ಒಂದು ಭಾನುವಾರ ಅಲ್ಲಿಗೆ ಕರೆದುಕೊಂಡು ಹೋಗಿ. ವಾದಕ್ಕಿಂತ ಅದು ಜಾಸ್ತಿ ಕೆಲಸ ಮಾಡಬಹುದು.

ಇನ್ನು ಏನು ಹೇಳಲಿ ಅಂದಿರಲ್ಲ. 666 ಬಗ್ಗೆ ಅವನ ಜೊತೆ ಜಗಳಕ್ಕೆ ಇಳಿಯಬೇಡಿ, ಅವನ ಹತ್ತಿರ ನೂರು ವಿಡಿಯೊ ಇರುತ್ತವೆ. ಎರಡು ಜಾಗ ಮಾತ್ರ ಓದಿಸಿ. ಒಂದು ಮತ್ತಾಯ 24:36. ಆ ದಿನ, ಆ ಗಳಿಗೆ ಪರಲೋಕದ ದೂತರಿಗೂ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ, ತಂದೆಗೆ ಮಾತ್ರ ಗೊತ್ತು ಎಂದು ಯೇಸುವೇ ಹೇಳುತ್ತಾನೆ. ಇನ್ನೊಂದು ಥೆಸಲೋನಿಕದವರಿಗೆ ಪೌಲನು ಬರೆದ ಎರಡನೇ ಪತ್ರ. ಮೂರೇ ಅಧ್ಯಾಯ, ಹತ್ತು ನಿಮಿಷ ಸಾಕು. ಕರ್ತನ ದಿನ (ಯೇಸು ಮತ್ತೆ ಬರುವ ದಿನ) ಬಂದೇಬಿಟ್ಟಿತು ಎಂದು ಯಾರಾದರೂ ಹೇಳಿದರೆ ಗಾಬರಿಯಾಗಬೇಡಿ ಎಂದು 2ನೇ ಅಧ್ಯಾಯದಲ್ಲಿ ಹೇಳಿ, 3ನೇ ಅಧ್ಯಾಯಕ್ಕೆ ಬರುವಾಗ ಸುಮ್ನೆ ಅಲೆಯುವವರನ್ನು ಬೈಯುತ್ತಾನೆ: ಕೆಲಸ ಮಾಡಲು ಮನಸ್ಸಿಲ್ಲದವನು ಊಟವೂ ಮಾಡಬಾರದು. ಕೆಲಸ ಬಿಡಬೇಕೆಂದಿರುವವನಿಗೆ ಇದಕ್ಕಿಂತ ನೇರವಾದ ಪತ್ರ ಬೇಕಾ?

ಆಮೇಲೆ ಒಂದು ಲೌಕಿಕ ಪ್ರಶ್ನೆ. ಕೂಟ ನಡೆಸುವವರು ತಮ್ಮ ಕೆಲಸ ಬಿಟ್ಟಿದ್ದಾರಾ? ಹಾಲ್‌ಗೆ 11 ತಿಂಗಳ ಅಗ್ರಿಮೆಂಟ್ ಮಾಡಿದ್ದಾರಾ? ಪಿಎಫ್ ಹಣ ತೆಗೆದ ಮೇಲೆ ಅದು ಎಲ್ಲಿಗೆ ಹೋಗುತ್ತದೆ? ಭಯ ಒಂದು ಕಡೆ, ಹಣ ಇನ್ನೊಂದು ಕಡೆ ಇದ್ದರೆ ನಡುವೆ ಯಾರಿದ್ದಾರೆ ಅಂತ ನೋಡಬೇಕು. ಅವನು ಸ್ವಂತ ಹೆದರಿಕೆಯಿಂದ ಹೀಗೆ ಮಾಡುತ್ತಿದ್ದರೆ ಅವನಿಗೆ ಬೇಕಾದದ್ದು ನಿಮ್ಮಂಥ ಗೆಳೆಯ, ಮತ್ತು ಕೂಟದ ಹೊರಗಿನ ಒಬ್ಬ ಹಿರಿಯ ಪಾಸ್ಟರ್. ಯಾರಾದರೂ ಹಣ ತರಲು ಹೇಳಿದ್ದರೆ ಮಾತು ಬೇರೆ. ಆಗ ನೀವು ಕಾಯಬೇಡಿ, ಊರಿನಲ್ಲಿರುವ ಅವನ ಅಣ್ಣನಿಗೋ ಅಪ್ಪನಿಗೋ ಫೋನ್ ಮಾಡಿ. ಅವನು ಸಿಟ್ಟಾಗುತ್ತಾನೆ, ಆಗಲಿ.

ಕೂಟಕ್ಕೆ ಕರೆದರೆ ಒಂದು ಸಲ ಹೋಗಿ ಬನ್ನಿ. ಹಿಂದಿನ ಸಾಲಿನಲ್ಲಿ ಕೂತು ಪ್ರಸಂಗ ಕೇಳಿ, ಕಾಣಿಕೆಯ ಮಾತು ಯಾವಾಗ ಬರುತ್ತದೆ ಅಂತಲೂ ಗಮನಿಸಿ. ಅಲ್ಲಿ ಕಂಡದ್ದನ್ನು ಇಲ್ಲಿಯೇ ಬರೆದರೆ ಮುಂದೇನು ಮಾಡಬಹುದು ಅಂತ ನೋಡೋಣ.