ಸೆಂಟ್ರಲ್ ಒಟಾಗೊದ ಪಿನೋ ನ್ವಾರ್: ಬಣ್ಣ ತೆಳು, ಬೆಲೆ ಹೆಚ್ಚು, ಏಕೆ?

‘ಏಪ್ರಿಲ್ ಮೊದಲ ವಾರ ಬೆಂಗಳೂರಿನಿಂದ ನ್ಯೂಜಿಲೆಂಡಿನ ಕ್ವೀನ್ಸ್‌ಟೌನಿಗೆ ಬರುತ್ತಿದ್ದೇನೆ, ಅಲ್ಲಿನ ಪಿನೋ ನ್ವಾರ್ ವೈನನ್ನು ಎಲ್ಲರೂ ಹೊಗಳುತ್ತಾರೆ, ಆದರೆ ನಾನು ರುಚಿ ನೋಡಿದ ಪಿನೋ ನೀರು ಬೆರೆಸಿದಷ್ಟು ತೆಳ್ಳಗಿತ್ತು, ಅಷ್ಟು ದುಡ್ಡು ಕೊಡುವಂಥದ್ದು ಅದರಲ್ಲಿ ಏನಿದೆ?’ ಎಂದು ನೀವು ಕೇಳಿದ್ದೀರಿ. ನಾನು ಆ ದೇಶದ ದಕ್ಷಿಣ ದ್ವೀಪದಲ್ಲಿ, ಡನೀಡನ್ನಿನಲ್ಲಿ ನೆಲೆಸಿದ್ದೇನೆ. ರಜೆ ಸಿಕ್ಕರೆ ನನ್ನ ಕಾರು ತಿರುಗುವುದು ಕ್ವೀನ್ಸ್‌ಟೌನ್ ಸುತ್ತಲಿನ ದ್ರಾಕ್ಷಿಸೀಮೆಯಾದ ಸೆಂಟ್ರಲ್ ಒಟಾಗೊದ ಕಡೆಗೇ. ಆದ್ದರಿಂದ ತುಸು ವಿವರವಾಗಿಯೇ ಬರೆಯುತ್ತೇನೆ.

ಮೊದಲು ಬಣ್ಣದ ಮಾತು. ಕೆಂಪು ವೈನಿನ ಬಣ್ಣವೂ ಒಗರೂ ಬರುವುದು ಬಹುಪಾಲು ಹಣ್ಣಿನ ಸಿಪ್ಪೆಯಿಂದ. ಪಿನೋ ನ್ವಾರ್ ತೆಳು ಸಿಪ್ಪೆಯ ದ್ರಾಕ್ಷಿ. ಕ್ಯಾಬರ್ನೆ, ಶಿರಾಜ್ ಎಂಬ ದ್ರಾಕ್ಷಿಗಳ ಗಾಢತೆಯನ್ನು ಅದರಿಂದ ನಿರೀಕ್ಷಿಸಬಾರದು. ಅದರ ಹಿರಿಮೆ ಇರುವುದು ಪರಿಮಳದಲ್ಲಿ, ನಾಲಿಗೆಯನ್ನು ಚುರುಕುಗೊಳಿಸುವ ಹುಳಿಯಲ್ಲಿ. ಬಿಸಿ ಸೀಮೆಯಲ್ಲಿ ಈ ಹಣ್ಣು ಅವಸರದಲ್ಲಿ ಮಾಗುತ್ತದೆ. ಸಕ್ಕರೆ ಏರುತ್ತದೆ, ಹುಳಿ ಕರಗುತ್ತದೆ, ಪರಿಮಳ ಹುಟ್ಟುವಷ್ಟು ಸಮಯವೇ ಸಿಗುವುದಿಲ್ಲ. ನಮ್ಮ ನಂದಿಬೆಟ್ಟದ ತಪ್ಪಲಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆಯೇ ಇಲ್ಲ, ವರ್ಷಕ್ಕೆ ಎರಡು ಬಾರಿ ಚಾಟನಿ, ಅಂದರೆ ಕೊಂಬೆ ಸವರುವ ಕೆಲಸ, ಮಾಡಬೇಕು. ಅಲ್ಲಿ ಶಿರಾಜ್ ಚೆನ್ನಾಗಿ ಬರುತ್ತದೆ. ಪಿನೋಗೆ ಬೇಕಾದದ್ದು ಬೇರೆಯೇ ಹವೆ.

ಆ ಹವೆ ಇಲ್ಲಿದೆ. ಸೆಂಟ್ರಲ್ ಒಟಾಗೊ ಇರುವುದು 45 ಡಿಗ್ರಿ ದಕ್ಷಿಣ ಅಕ್ಷಾಂಶದ ಆಸುಪಾಸಿನಲ್ಲಿ. ದೇಶದ ಉಳಿದ ದ್ರಾಕ್ಷಿಸೀಮೆಗಳಿಗೆ ಕಡಲು ಹತ್ತಿರ. ಇದು ಮಾತ್ರ ಬೆಟ್ಟಗಳ ನಡುವೆ ಒಳನಾಡಿನಲ್ಲಿ ಕುಳಿತಿದೆ. ಪಶ್ಚಿಮದ ಸದರ್ನ್ ಆಲ್ಪ್ಸ್ ಪರ್ವತಗಳು ಮಳೆಯನ್ನು ತಡೆಯುವುದರಿಂದ ಅಲೆಕ್ಸಾಂಡ್ರಾ, ಕ್ರಾಮ್‌ವೆಲ್ ಕಡೆ ವರ್ಷಕ್ಕೆ ಬೀಳುವುದು 400 ಮಿಲಿಮೀಟರ್ ಆಸುಪಾಸು ಮಳೆ. ಬೇಸಿಗೆಯ ಹಗಲು 30 ಡಿಗ್ರಿ ದಾಟುವುದುಂಟು, ಅದೇ ರಾತ್ರಿ ಸ್ವೆಟರ್ ಬೇಕಾಗುತ್ತದೆ. ಹಗಲಿನ ಬಿಸಿಲು ಹಣ್ಣನ್ನು ಮಾಗಿಸಿದರೆ ರಾತ್ರಿಯ ಚಳಿ ಹುಳಿಯನ್ನು ಕಾಪಾಡುತ್ತದೆ. ಇಲ್ಲಿನ ಬಳ್ಳಿಗಳಲ್ಲಿ ಐದರಲ್ಲಿ ನಾಲ್ಕು ಪಾಲು ಪಿನೋ ನ್ವಾರ್ ಆಗಿರುವುದು ಸುಮ್ಮನೆ ಅಲ್ಲ.

ಬೆಲೆಯ ಗುಟ್ಟು ತಿಳಿಯಬೇಕಾದರೆ ಅಕ್ಟೋಬರಿನ ರಾತ್ರಿಯೊಂದನ್ನು ಇಲ್ಲಿ ಕಳೆಯಬೇಕು. ಆಗ ವಸಂತ, ಬಳ್ಳಿ ಚಿಗುರಿರುತ್ತದೆ, ಆದರೆ ರಾತ್ರಿಯ ಕೊರೆಚಳಿಗೆ ಚಿಗುರು ಹೆಪ್ಪುಗಟ್ಟುವ ಭಯ ಇನ್ನೂ ಹೋಗಿರುವುದಿಲ್ಲ. ಬ್ಯಾನಕ್‌ಬರ್ನಿನ ತೋಟವೊಂದರ ಪಕ್ಕ ತಂಗಿದ್ದಾಗ ನಸುಕಿನಲ್ಲಿ ಎದ್ದು ನೋಡಿದ್ದೇನೆ: ತುಂತುರು ನೀರಾವರಿ ಎಡೆಬಿಡದೆ ನಡೆಯುತ್ತಿತ್ತು, ಹಸಿರು ಚಿಗುರುಗಳೆಲ್ಲ ಗಾಜಿನಂಥ ಮಂಜುಗಡ್ಡೆಯೊಳಗೆ ಇದ್ದವು. ಗಾಬರಿಯಾಗಬೇಕಿಲ್ಲ, ಅದೇ ರಕ್ಷಣೆ. ನೀರು ಹೆಪ್ಪುಗಟ್ಟುವಾಗ ಶಾಖ ಬಿಡುತ್ತದೆ. ನೀರು ಬೀಳುತ್ತಿರುವಷ್ಟು ಹೊತ್ತು ಚಿಗುರು ಸೊನ್ನೆ ಡಿಗ್ರಿಯ ಹತ್ತಿರವೇ ಉಳಿಯುತ್ತದೆ. ನಡುವೆ ನೀರು ನಿಂತರೆ ಚಿಗುರು ಕರಕಲು. ನೀರಿಲ್ಲದವರು ದೊಡ್ಡ ಪಂಖ ತಿರುಗಿಸುತ್ತಾರೆ, ಇಲ್ಲವೇ ಹೆಲಿಕಾಪ್ಟರ್ ಹಾರಿಸಿ ಮೇಲಿನ ಬೆಚ್ಚಗಿನ ಗಾಳಿಯನ್ನು ಕೆಳಗೆ ತಳ್ಳುತ್ತಾರೆ. ಹೆಲಿಕಾಪ್ಟರಿನ ಬಾಡಿಗೆ ಬಾಟಲಿಯ ಬೆಲೆಗೆ ಸೇರದೆ ಇರುತ್ತದೆಯೇ? ಮೇಲಾಗಿ ಇಳುವರಿ ಕಡಿಮೆ, ಕೊಯ್ಲು ಬಹುಪಾಲು ಕೈಯಿಂದಲೇ.

ಈ ಸೀಮೆ ಮೊದಲು ಹೆಸರಾದದ್ದು ಚಿನ್ನಕ್ಕೆ. 1862ರಲ್ಲಿ ಕ್ಲೂಥಾ ನದಿಯಲ್ಲಿ ಚಿನ್ನ ಸಿಕ್ಕಿದಾಗ ಜನ ಮುಗಿಬಿದ್ದರು. ಹಾಗೆ ಬಂದ ಫ್ರೆಂಚ್ ಮನುಷ್ಯ ಜಾನ್ ಡೆಸಿರೆ ಫೆರೋ 1864ರಲ್ಲಿ ಕ್ಲೈಡ್ ಬಳಿ ದ್ರಾಕ್ಷಿ ನೆಟ್ಟ. ಅವನ ನಂತರ ಆ ಕೆಲಸ ಮುಂದುವರಿಯಲಿಲ್ಲ. ನೂರು ವರ್ಷ ದಾಟಿದ ಮೇಲೆ, ಇಲ್ಲಿ ಚಳಿ ಹೆಚ್ಚು ಎಂಬ ಮಾತನ್ನು ಲೆಕ್ಕಿಸದೆ ವಾನಕಾದಲ್ಲಿ ರಾಲ್ಫ್ ಮಿಲ್ಸ್, ಗಿಬ್‌ಸ್ಟನ್ನಿನಲ್ಲಿ ಅಲನ್ ಬ್ರೇಡಿ ಮೊದಲಾದವರು ಮತ್ತೆ ಬಳ್ಳಿ ನೆಟ್ಟರು. ಇಲ್ಲಿಂದ ಪಿನೋ ನ್ವಾರ್ ಮಾರುಕಟ್ಟೆಗೆ ಬರಲು ಆರಂಭವಾದದ್ದು 1987ರ ಕೊಯ್ಲಿನಿಂದ. ಇಂದು ಜಗತ್ತು ಅದನ್ನು ಪಿನೋಗೆ ಹೆಸರಾದ ಫ್ರಾನ್ಸಿನ ಬರ್ಗಂಡಿ ಸೀಮೆಯ ವೈನಿನ ಪಕ್ಕದಲ್ಲಿಟ್ಟು ಮಾತಾಡುತ್ತದೆ! ಆ ಮೊಂಡುತನಕ್ಕೆ ನಾನು ತಲೆಬಾಗುತ್ತೇನೆ.

ನೀವು ಬರುವ ಹೊತ್ತಿಗೆ ಕೊಯ್ಲು ನಡೆಯುತ್ತಿರುತ್ತದೆ. ಕ್ವೀನ್ಸ್‌ಟೌನಿಗೆ ಹತ್ತಿರದ ಗಿಬ್‌ಸ್ಟನ್ನಿನಿಂದ ಶುರು ಮಾಡಿ. ಅದು ಎತ್ತರದ, ಹೆಚ್ಚು ತಂಪಿನ ಕಣಿವೆ. ಅಲ್ಲಿನ ವೈನ್ ಹಗುರ, ಸೊಪ್ಪಿನ ವಾಸನೆಯದು. ಬಳಿಕ ಕವರಾವ್ ಕಮರಿಯ ದಾರಿಯಲ್ಲಿ ಬ್ಯಾನಕ್‌ಬರ್ನಿಗೆ ಹೋಗಿ. ಅಲ್ಲಿಯದು ಇನ್ನಷ್ಟು ತುಂಬಿದ ರುಚಿ, ಕಪ್ಪು ಚೆರ್ರಿ, ಜೊತೆಗೆ ಒಣ ಥೈಮ್ ಸೊಪ್ಪಿನ ಸುಳಿವು. ಥೈಮ್ ಅಲ್ಲಿನ ಗುಡ್ಡಗಳಲ್ಲಿ ಕಾಡಾಗಿ ಬೆಳೆದಿದೆ, ಕಾಲಿಟ್ಟಲ್ಲೆಲ್ಲ ಘಮ್ಮೆನ್ನುತ್ತದೆ. ಚಿನ್ನಕ್ಕಾಗಿ ನೀರು ಹಾಯಿಸಿ ಕೊರೆದ ಮಣ್ಣಿನ ಗೋಡೆಗಳನ್ನೂ ತೋಟಗಳ ಪಕ್ಕದಲ್ಲೇ ನೋಡಬಹುದು. ಎರಡನ್ನೂ ಒಂದೇ ದಿನ ಸವಿದರೆ ತೆಳು ಬಣ್ಣದೊಳಗೆ ಎಷ್ಟು ವ್ಯತ್ಯಾಸ ಅಡಗಿದೆ ಎಂಬುದು ತಿಳಿಯುತ್ತದೆ.

ಬಾಟಲಿಗೆ ಕಾರ್ಕಿನ ಬದಲು ತಿರುಪು ಮುಚ್ಚಳ ಕಂಡು ಅಗ್ಗದ ಸರಕು ಎಂದುಕೊಳ್ಳಬೇಡಿ. ನ್ಯೂಜಿಲೆಂಡಿನ ಉತ್ತಮ ವೈನ್‌ಗಳಿಗೂ ಅದೇ ಮುಚ್ಚಳ. ಕುಡಿಯುವ ಮುನ್ನ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ, 14ರಿಂದ 16 ಡಿಗ್ರಿ ಸಾಕು. ಬೆಂಗಳೂರಿನ ಕೋಣೆಯ ಶಾಖದಲ್ಲಿ ಅದರ ಪರಿಮಳ ಕೆಡುತ್ತದೆ. ಜೊತೆಗೆ ಬೆಣ್ಣೆಯಲ್ಲಿ ಹುರಿದ ಅಣಬೆ ಇರಲಿ, ಖಾರದ ಸಾರು ಬೇಡ. ಸುಂಕವಿಲ್ಲದೆ ಒಬ್ಬರು ಭಾರತಕ್ಕೆ 2 ಲೀಟರ್ ತರಬಹುದು, ಅಂದರೆ 750 ಮಿಲಿಲೀಟರಿನ ಎರಡು ಬಾಟಲಿ. ಎರಡನ್ನೂ ಒಂದೇ ತೋಟದಿಂದ ಕೊಳ್ಳಬೇಡಿ.